ಕಪ್ಪೆಯ ತನಕ ಬಂದ ಪಾಠ

ನಮ್ಮ ಭಾವನವರು ಮೀನು ತಿನ್ನುವುದಿಲ್ಲ. ಇದರಲ್ಲಿ ಹೇಳುವಂಥದ್ದೇನಿದೆ, ಅಜ್ಜಂಪುರದ ನಿಮ್ಮ ಬೀದಿಯಲ್ಲಿ ಯಾರು ತಾನೇ ತಿನ್ನುತ್ತಾರೆ ಎಂದು ನೀವು ಕೇಳಬಹುದು. ವ್ಯತ್ಯಾಸ ಇರುವುದು ಕಾರಣದಲ್ಲಿ. ನಾವೆಲ್ಲ ಮನೆತನದ ಪದ್ಧತಿ ಎಂದು ತಿನ್ನುವುದಿಲ್ಲ. ಅವರು, ಮೀನೇ ನಮ್ಮ ಮನೆತನಕ್ಕೆ ಸೇರಿದ್ದು ಎಂದು ತಿನ್ನುವುದಿಲ್ಲ!

ಭಾವ ಅಂದರೆ ನನ್ನ ಅಕ್ಕನ ಯಜಮಾನರು. ಬುಕ್ಕಾಂಬುಧಿ ಕಡೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ನಮ್ಮ ಮನೆಯಿಂದ ಅವರ ಮನೆಗೆ ಮೂರೇ ಬಾಗಿಲು. ಆದ್ದರಿಂದ ಮೂವತ್ತು ವರ್ಷಗಳಿಂದ ನಾನು ಫೀಸು ಕಟ್ಟದೆ ಜೀವವಿಕಾಸ ಕಲಿಯುತ್ತಿದ್ದೇನೆ. ಕಲಿಯಬೇಕೆಂದು ನನಗೇನೂ ಇರಲಿಲ್ಲ. ಕೊತ್ತಂಬರಿ ಸೊಪ್ಪು ಕೇಳಲು ಹೋದವಳಿಗೆ ಸಿಕ್ಕಿದ್ದು ಅದು.

ಒಮ್ಮೆ ಸೀರೆ ತರಲು ನಾವು ಮೂವರೂ ತರೀಕೆರೆಗೆ ಹೋಗಿದ್ದೆವು. ಬಸ್ ಸ್ಟ್ಯಾಂಡಿನಿಂದ ಅಂಗಡಿ ತಲುಪುವಷ್ಟರಲ್ಲಿ ಭಾವ ಕಾಣೆ. ಹುಡುಕಿದರೆ, ಮೀನು ಮಾರುವ ಹೆಂಗಸಿನ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಒಂದು ಮೀನಿನ ರೆಕ್ಕೆ ಹಿಡಿದುಕೊಂಡು, ಇಂಥದ್ದೇ ಒಂದು ಹಳೇ ಮೀನಿನ ರೆಕ್ಕೆ ಬದಲಾಗುತ್ತ ಬದಲಾಗುತ್ತ ನಿಮ್ಮ ಕೈ ಆಯಿತು ಎಂದು ಆಕೆಗೆ ವಿವರಿಸುತ್ತಿದ್ದಾರೆ. ಆಕೆ ತನ್ನ ಕೈ ನೋಡಿಕೊಂಡಳು, ಮೀನನ್ನೂ ನೋಡಿದಳು. ಆಮೇಲೆ ಬಹಳ ತಾಳ್ಮೆಯಿಂದ, "ನೆಂಟ್ರನ್ನ ಮಾತಾಡ್ಸಿದ್ದು ಆಯ್ತಲ್ಲ ಸ್ವಾಮಿ, ಒಂಚೂರು ಸರ್ಕಂಡ್ ಕೂತ್ಕಳಿ. ಗಿರಾಕಿ ಬತ್ತಾವ್ರೆ" ಎಂದಳು. ವಾಪಸು ಬರುವಾಗ ಅಕ್ಕ ಅವರನ್ನು ಬಸ್ಸಿನ ಕಿಟಕಿಯ ಪಕ್ಕ ಕೂರಿಸಿ, ಆ ಕೈಯನ್ನು ಅಜ್ಜಂಪುರ ಬರುವವರೆಗೂ ಹೊರಗೇ ಇಡಿಸಿದಳು.

ನಮ್ಮ ಯಜಮಾನರಿಗೆ ಅಪೆಂಡಿಕ್ಸ್ ಆಪರೇಷನ್ ಆದಾಗಲೂ ಅಷ್ಟೆ. ನೋಡಲು ಬಂದವರೆಲ್ಲ ಎಳನೀರು, ಮೋಸಂಬಿ ತಂದರು. ಭಾವ ತೊಳೆದು ಒರೆಸಿದ ಒಂದು ಖಾಲಿ ಉಪ್ಪಿನಕಾಯಿ ಬಾಟಲಿ ತಂದರು. ಎಲೆ ಸೊಪ್ಪು ತಿಂದು ಬದುಕಿದ ಹಿರಿಯರು ನಮ್ಮ ಹೊಟ್ಟೆಯಲ್ಲಿ ಬಿಟ್ಟುಹೋದ ಗುರುತಂತೆ ಅಪೆಂಡಿಕ್ಸ್, ಸುಮ್ಮನೆ ಎಸೆಯಬಾರದಂತೆ. ಡಾಕ್ಟರು ಅವರ ಹಳೆಯ ವಿದ್ಯಾರ್ಥಿ. ಮೇಷ್ಟ್ರು ಕೇಳಿದರೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಆ ಬಾಟಲಿ ಈಗಲೂ ಶಾಲೆಯ ಬೀರುವಿನಲ್ಲಿದೆ. ನಮ್ಮ ಯಜಮಾನರು ಆ ಕಡೆ ಹೋದಾಗಲೆಲ್ಲ ಒಳಗೆ ಹೋಗಿ ಒಮ್ಮೆ ನೋಡಿಕೊಂಡು ಬರುತ್ತಾರೆ. ಚೆನ್ನಾಗಿಟ್ಟಿದ್ದಾರೆ ಅನ್ನುತ್ತಾರೆ.

ಇಷ್ಟಕ್ಕೇ ನಿಂತಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ. ಕಡೂರಿನಲ್ಲಿ ನನ್ನ ಮಗಳ ನಿಶ್ಚಿತಾರ್ಥ. ವಾಲಗ ಊದಿದಾಗ ಬೀಗಿತ್ತಿಯವರು, ನೋಡಿ ನನಗೆ ಮೈ ಝುಂ ಅಂತು ಎಂದು ರೋಮ ಎದ್ದ ಕೈಯನ್ನು ಎಲ್ಲರಿಗೂ ತೋರಿಸಿದರು. ಭಾವ ಆ ಕೈಯನ್ನು ಬಹಳ ಆಸ್ಥೆಯಿಂದ ನೋಡಿ, ನಿಮಗೆ ಮೈತುಂಬ ತುಪ್ಪಳ ಇದ್ದ ಕಾಲದ ಅಭ್ಯಾಸ ಇದು, ಹೆದರಿದ ಬೆಕ್ಕು ಉಬ್ಬುತ್ತದಲ್ಲ, ಹಾಗೆ ಎಂದರು. ಬೀಗಿತ್ತಿ ಸೆರಗು ಹೊದ್ದುಕೊಂಡರು. ಮದುವೆಯೇನೋ ಆಯಿತು, ನಮ್ಮ ದೇವರು ದೊಡ್ಡವನು. ಆದರೆ ಭಾವ ಬರುತ್ತಾರೆ ಎಂದು ಗೊತ್ತಾದರೆ ಆಕೆ ಇವತ್ತಿಗೂ ಉದ್ದ ತೋಳಿನ ರವಿಕೆ ಹಾಕುತ್ತಾರೆ.

ಈಗ ಒಂದು ದುಪ್ಪಟಿಯ ವಿಷಯಕ್ಕೆ ಬರುತ್ತೇನೆ.

ಭಾವನವರ ತಂದೆ ತೀರಿಕೊಂಡ ಮೇಲೆ ದೇವನೂರಿನ ಹತ್ತಿರದ ಜಮೀನಿಗೆ ಪೌತಿ ಖಾತೆ ಮಾಡಿಸಬೇಕಾಯಿತು. ಸತ್ತವರ ಹೆಸರಿನಿಂದ ಇರುವವರ ಹೆಸರಿಗೆ ಖಾತೆ ತಿರುಗಬೇಕಾದರೆ ನಾಡಕಚೇರಿಗೆ ವಂಶವೃಕ್ಷ ಕೊಡಬೇಕು. ಮೇಲೆ ಅಜ್ಜ, ಕೆಳಗೆ ಮಕ್ಕಳು, ಅದರ ಕೆಳಗೆ ಮೊಮ್ಮಕ್ಕಳು, ಒಬ್ಬೊಬ್ಬರ ಪಕ್ಕದಲ್ಲೂ ಮೃತ ಅಥವಾ ಜೀವಂತ. ಒಂದು ಹೆಸರು ಬಿಟ್ಟುಹೋದರೆ ಎರಡು ತಲೆಮಾರು ಕೋರ್ಟು. ಅಕ್ಕನ ಜೊತೆಗೆ ನಾನೂ ಹೋಗಿದ್ದೆ. ಭಾವನ ಅಣ್ಣತಮ್ಮಂದಿರ ಹೆಸರಿನ ಕೆಳಗೆಲ್ಲ ಗೆರೆ ಇಳಿದು ಮಕ್ಕಳ ಹೆಸರು ಬಂತು. ಭಾವ ಮತ್ತು ಅಕ್ಕನ ಹೆಸರಿನ ಕೆಳಗೆ ಗುಮಾಸ್ತರು ಮಕ್ಕಳಿಲ್ಲ ಎಂದು ಬರೆದು ಅಡ್ಡಗೆರೆ ಎಳೆದರು. ಅದು ನಿಯಮ, ಅವರದೇನೂ ತಪ್ಪಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಭಾವ ಆ ಕಾಗದದ ನಕಲನ್ನು ತೊಡೆಯ ಮೇಲೆ ಹರಡಿಕೊಂಡು ನೋಡುತ್ತಲೇ ಇದ್ದರು. ಅವರಿಗೂ ಬೇಸರವಾಗಿದೆ ಎಂದುಕೊಂಡೆ. ಬೀರೂರು ದಾಟುವಾಗ ತಲೆ ಎತ್ತಿ, "ಎಷ್ಟು ಚೆನ್ನಾಗಿದೆ ನೋಡಮ್ಮ, ಇದ್ರಲ್ಲಿ ಪಾಠ ಮಾಡ್ಬೋದು" ಎಂದರು.

ಮರುದಿನವೇ ಮಾಡಿಯೂ ಬಿಟ್ಟರು. ಅಕ್ಕನ ಮದುವೆಗೆ ಉಡುಗೊರೆ ಬಂದಿದ್ದ ಒಂದು ಬಿಳಿ ದುಪ್ಪಟಿ, ಒಳ್ಳೆಯ ದಿನಕ್ಕೆ ಇರಲಿ ಎಂದು ಅವಳು ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದಳು. ಅದರ ಮೇಲೆ ಮಾರ್ಕರ್ ಪೆನ್ನಿನಲ್ಲಿ ಭೂಮಿಯ ಮೇಲಿನ ಅಷ್ಟೂ ಜೀವಿಗಳ ವಂಶವೃಕ್ಷ ಇಳಿಯಿತು. ಮೇಲೆ ಒಂದೇ ಜೀವಕೋಶ, ಮೃತ. ಅದರ ಕೆಳಗೆ ಹಳೇ ಮೀನು, ಮೃತ. ಕಪ್ಪೆ, ಜೀವಂತ. ಡೈನೋಸಾರ್, ಮೃತ. ಕೋಳಿ, ಜೀವಂತ. ಬಲಗಡೆ ಕೆಳಮೂಲೆಯಲ್ಲಿ ಕೋತಿ, ಗೊರಿಲ್ಲಾ, ಚಿಂಪಾಂಜಿ ಮತ್ತು ನಾವು. ನಮ್ಮ ಪಕ್ಕದಲ್ಲೇ ನಮ್ಮಂಥದ್ದೇ ಇನ್ನೊಂದು ಕೊಂಬೆ, ಹಿಮಯುಗದಲ್ಲಿ ಬದುಕಿದ್ದ ನಿಯಾಂಡರ್ತಾಲ್ ಜನ. ಅವರ ಹೆಸರಿನಿಂದ ಕೆಳಗೆ ಇಳಿಯುವ ಗೆರೆ ಇರಲಿಲ್ಲ.

ದುಪ್ಪಟಿ ನೋಡಿ ಅಕ್ಕ ಕೂಗಾಡಲಿಲ್ಲ. "ನೀವು ರಿಟೈರ್ ಆದ ಮಾರನೇ ದಿನ ಇದನ್ನ ಸೋಡಾ ಹಾಕಿ ಕುದಿಸ್ತೀನಿ" ಎಂದಳು, ಅಷ್ಟೆ. ಭಾವ, ಆಗಲಿ ಎಂದು ಅದನ್ನು ಮಡಿಸಿಕೊಂಡು ಶಾಲೆಗೆ ಹೋದರು. ಪ್ರತಿ ವರ್ಷ ಹತ್ತನೇ ತರಗತಿಯ ಗೋಡೆಗೆ ಅದು ಏರುತ್ತಿತ್ತು, ಪಾಠ ಮುಗಿದ ಮೇಲೆ ಇಳಿಯುತ್ತಿತ್ತು. ಒಂದು ಮಳೆಗಾಲದಲ್ಲಿ ಬೀರುವಿನ ಇಲಿ ಅದರ ಕೆಳ ಅಂಚನ್ನು ಕಡಿದು ಎಳೆಎಳೆ ಮಾಡಿತು. ಇಲಿಯೂ ಸಂಬಂಧಿಕನೇ ಆದ್ದರಿಂದ ಭಾವ ಏನೂ ಅನ್ನಲಿಲ್ಲ.

ಹೀಗಿರುವಾಗ ಒಂದು ವರ್ಷ ಬಂದ ಹೊಸ ಪುಸ್ತಕದಲ್ಲಿ ಆ ಪಾಠವೇ ಇರಲಿಲ್ಲ. ಅನುವಂಶೀಯತೆ ಇತ್ತು, ಅದರ ಬೆನ್ನಿಗೆ ಬರುತ್ತಿದ್ದ ಜೀವವಿಕಾಸ ಇರಲಿಲ್ಲ. ಭಾವ ಮೊದಲು ಬೈಂಡಿಂಗಿನಲ್ಲಿ ಪುಟ ತಪ್ಪಿದೆ ಎಂದುಕೊಂಡರು. ತರಗತಿಯ ಒಂದೊಂದೇ ಪುಸ್ತಕ ತೆಗೆಸಿ ನೋಡಿದರು. ಆಮೇಲೆ ಪಕ್ಕದ ಊರಿನ ಶಾಲೆಗೆ ಹೋಗಿ ಅಲ್ಲಿಯದನ್ನೂ ನೋಡಿ ಬಂದರು. ಮಕ್ಕಳ ಹೊರೆ ಇಳಿಸಲು ತೆಗೆದದ್ದು ಎಂದು ಯಾರೋ ಹೇಳಿದರು. ಆ ಸಂಜೆ ಭಾವ ನಮ್ಮ ಜಗಲಿಯಲ್ಲಿ ಬಹಳ ಹೊತ್ತು ಕೂತಿದ್ದರು. ಮೊಮ್ಮಗ ಯಾರನ್ನು ಹೋಲುತ್ತಾನೆ ಎಂದು ಹೇಳಿಕೊಡಬೇಕು, ಅಜ್ಜ ಯಾರು ಎಂದು ಮಾತ್ರ ಹೇಳಬಾರದು, ಇದು ಯಾವ ಸೀಮೆಯ ನ್ಯಾಯ ಎಂದು ನನ್ನನ್ನು ಕೇಳಿದರು. ನಾನು ಹುರುಳಿ ಆರಿಸುತ್ತಿದ್ದೆ. ಗೊತ್ತಿಲ್ಲ ಎಂದೆ.

ಪುಸ್ತಕದಲ್ಲಿ ಇಲ್ಲದಿದ್ದರೂ ಅವರು ಪಾಠ ನಿಲ್ಲಿಸಲಿಲ್ಲ. ಮಿಕ್ಕ ಪಾಠಗಳನ್ನು ಬೇಗ ಮುಗಿಸಿ ಉಳಿದ ಪೀರಿಯಡ್ಡಿನಲ್ಲಿ ದುಪ್ಪಟಿ ಹಾಕುತ್ತಿದ್ದರು. ಯಾರೂ ಕೇಳಿರಲಿಲ್ಲ. ಕೇಳಿದ್ದು ಈ ವರ್ಷ, ಜನವರಿ ಕೊನೆಗೆ ಅವರು ನಿವೃತ್ತರಾಗುವುದಕ್ಕೆ ಹದಿನೈದು ದಿನ ಇದ್ದಾಗ. ಕೇಳಿದವರು ಶಾಲಾ ಸಮಿತಿಯ ಅಧ್ಯಕ್ಷರು. ಅವರ ಮಗಳು ಅದೇ ಹತ್ತನೇ ತರಗತಿ. ಆ ಹುಡುಗಿ ಗೋಡೆಯ ಮೇಲಿದ್ದದ್ದನ್ನು ಓದಿಕೊಂಡು ಮನೆಗೆ ಹೋಗಿ, ನಮ್ಮ ವಂಶವೃಕ್ಷದಲ್ಲಿ ಕೋತಿಯೂ ಇದೆ, ನಮಗೆ ಅದು ದಾಯಾದಿ ಆಗಬೇಕು ಎಂದು ಊಟದ ಹೊತ್ತಿನಲ್ಲಿ ಹೇಳಿದ್ದಳು.

ಬೇರೆ ಊರಿನಲ್ಲಾಗಿದ್ದರೆ ಧರ್ಮದ ಮಾತು ಬರುತ್ತಿತ್ತೇನೋ. ಅಧ್ಯಕ್ಷರಿಗೆ ಒಂದು ತೆಂಗಿನ ತೋಟವಿದೆ. ಅವರಿಗೆ ಬಂದದ್ದು ತೋಟದ ಚಿಂತೆ.

ಹೆಡ್ ಮೇಡಂ ಪಾಪ ಒಳ್ಳೆಯವರು. ಅಧ್ಯಕ್ಷರು ತಕರಾರು ಎತ್ತಿದ್ದಾರೆ, ಪುಸ್ತಕದಲ್ಲೂ ಇಲ್ಲ, ಅವರು ಒಪ್ಪುವ ತನಕ ದುಪ್ಪಟಿ ಇಳಿಸಿ ಎಂದರು. ಭಾವ ಅದನ್ನು ಮನೆಗೆ ಹೊತ್ತುಕೊಂಡು ಬಂದರು. ರಾತ್ರಿಯ ಊಟ ಸೇರಲಿಲ್ಲವಂತೆ. "ಕಪ್ಪೆ ತನಕ ಬಂದಿದ್ದೆ ಕಣೇ," ಎಂದರಂತೆ ಅಕ್ಕನ ಹತ್ತಿರ. "ಕೊನೇ ಬ್ಯಾಚು. ಮಕ್ಕಳನ್ನ ಕಪ್ಪೇಲಿ ಬಿಟ್ಟು ಹೆಂಗೆ ಹೋಗ್ಲಿ?"

ಮೂವತ್ತು ವರ್ಷ ಮೀನು, ಇಲಿ, ಅಪೆಂಡಿಕ್ಸುಗಳನ್ನು ಸಹಿಸಿದ ಅಕ್ಕ ಮರುದಿನ ನನ್ನ ಹತ್ತಿರ ಇದನ್ನು ಹೇಳುವಾಗ ನಗಲಿಲ್ಲ. ಅಧ್ಯಕ್ಷರ ಮನೆಗೆ ತಾನೇ ಹೇಳಿಕಳಿಸಿ, ಭಾನುವಾರ ಕಾಫಿಗೆ ಕರೆದಳು.

ಅಧ್ಯಕ್ಷರು ಬಂದರು. ನಾನು ಇಡ್ಲಿ ತಟ್ಟೆ ವಾಪಸು ಕೊಡುವ ನೆಪದಲ್ಲಿ ಅಲ್ಲೇ ಇದ್ದೆ. ಅವರು ಲೋಟ ಕೆಳಗಿಟ್ಟು ನೇರವಾಗಿ ವಿಷಯಕ್ಕೇ ಬಂದರು.

"ಮೇಷ್ಟ್ರೇ, ಕಾಗ್ದದ ಮೇಲೆ ಬಂದ್ರೆ ಮುಗೀತು. ನಮ್ಮಪ್ಪ ಒಂದು ಹೆಸ್ರು ಬಿಟ್ಟಿದ್ದಕ್ಕೆ ಹನ್ನೆರಡು ವರ್ಷ ಕೋರ್ಟಿಗೆ ಅಲ್ದಿದೀನಿ. ನೀವು ನೋಡಿದ್ರೆ ಕೋತಿನೇ ಸೇರ್ಸಿದೀರಿ."

"ಬಿಟ್ರೆ ತಕರಾರು ಅಂತ್ಲೇ ಸೇರ್ಸಿದ್ದು," ಎಂದರು ಭಾವ.

"ನಾಳೆ ಪಾಲು ಕೇಳಿದ್ರೆ?"

"ಇಲ್ಲಿ ತನಕ ಕೇಳಿದಾವಾ?"

ಅಧ್ಯಕ್ಷರು ಪ್ರಾಮಾಣಿಕವಾಗಿ ಯೋಚಿಸಿದರು. "ಕೇಳಲ್ಲ. ಕೇಳ್ದೇ ತಗಂಡ್ ಹೋಗ್ತವೆ. ಎಳನೀರು ಒಂದು ಬಿಡಲ್ಲ."

"ನೀವೇ ಹೇಳಿ," ಎಂದರು ಭಾವ. "ದಾಯಾದಿ ಅಲ್ದೆ ಇನ್ಯಾರು ಹಂಗ್ ಮಾಡ್ತಾರೆ?"

ಅಧ್ಯಕ್ಷರ ಹನ್ನೆರಡು ವರ್ಷದ ಕೇಸು ಅವರ ಚಿಕ್ಕಪ್ಪನ ಮಕ್ಕಳ ಮೇಲೆಯೇ ಇತ್ತು. ಅವರು ಕಾಫಿಯನ್ನು ಪೂರ್ತಿ ಕುಡಿದು, ಆ ಬಟ್ಟೆ ತೋರಿಸಿ ಎಂದರು. ಭಾವ ನಡುಮನೆಯಲ್ಲಿ ಹರಡಿದರು. ಇಬ್ಬರೂ ಅದರ ಎರಡು ಕಡೆ ಮಂಡಿಯೂರಿ ಕೂತರು. ಕೋತಿ ನಮ್ಮಜ್ಜ ಅಲ್ಲ, ಅದಕ್ಕೂ ನಮಗೂ ಒಬ್ಬನೇ ಅಜ್ಜ, ಆತ ಬಹಳ ಹಿಂದೆಯೇ ಮೃತ, ಅವತ್ತೇ ಮನೆ ಎರಡಾಯಿತು ಎಂದು ಭಾವ ಬೆರಳಿಟ್ಟು ತೋರಿಸಿದರು. ಭಾಗವಾಗಿ ಬೇರೆಯಾದ ಮನೆ ಎಂದರೆ ಅಧ್ಯಕ್ಷರಿಗೆ ಅರ್ಥವಾಗದೆ ಇರುತ್ತದೆಯೇ? ಒಂದೇ ಒಂದು ಷರತ್ತಿನ ಮೇಲೆ ಅವರು ಒಪ್ಪಿದರು. ಆ ಷರತ್ತಿನ ಪ್ರಕಾರ ಇವತ್ತಿಗೂ ದುಪ್ಪಟಿಯ ಮೇಲೆ ಕೋತಿಯ ಹೆಸರಿನ ಪಕ್ಕದಲ್ಲಿ ಬರೆದಿದೆ: ಜೀವಂತ. ತೋಟದಲ್ಲಿ ಹಕ್ಕಿಲ್ಲ.

ಹೆಡ್ ಮೇಡಂ, ಹಾಗಾದರೆ ಕೊನೆಯ ಗಂಟೆ ಹೊಡೆದ ಮೇಲೆ ಮಾಡಿಕೊಳ್ಳಿ, ನನ್ನ ಅಡ್ಡಿಯಿಲ್ಲ ಎಂದರು. ಆದರೆ ಸಂಜೆ ಹೊತ್ತು ಮಕ್ಕಳಿಗೆ ಪರೀಕ್ಷೆಯ ವಿಶೇಷ ತರಗತಿಗಳು ಇದ್ದವು. ಉಳಿದದ್ದು ಒಂದೇ ಸಂಜೆ, ಬೀಳ್ಕೊಡುಗೆಯ ಸಂಜೆ.

ಅಕ್ಕ ಮತ್ತು ನಾನು ಹೋಗಿದ್ದೆವು. ಶಾಲು ಹೊದಿಸಿದರು, ಹಾರ ಹಾಕಿದರು, ಖಾರ ಬೂಂದಿ ಕೊಟ್ಟರು, ನಾಲ್ಕು ಜನ ಒಂದೇ ಭಾಷಣ ಮಾಡಿದರು. ಭಾವ ಗಡಿಯಾರ ನೋಡುತ್ತಿದ್ದರು. ಗಂಟೆ ಹೊಡೆದದ್ದೇ ಹಾರವನ್ನು ಅಕ್ಕನ ಕೈಗೆ ಕೊಟ್ಟು ಹತ್ತನೇ ತರಗತಿಗೆ ನಡೆದರು. ಒಂದು ಮಗುವೂ ಮನೆಗೆ ಹೋಗಿರಲಿಲ್ಲ. ನಾವು ಹಿಂದಿನ ಬೆಂಚಿನಲ್ಲಿ ಕೂತೆವು. ಅಧ್ಯಕ್ಷರೂ ಬಂದು ಕೂತರು, ಹಕ್ಕಿಲ್ಲ ಎಂದು ಬರೆದದ್ದು ಅಳಿಸಿಲ್ಲ ತಾನೇ ಎಂದು ನೋಡಲು.

ಭಾವ ಕಪ್ಪೆಯಿಂದ ಶುರುಮಾಡಿದರು. ಹಲ್ಲಿಗೆ ಬಂದರು, ಡೈನೋಸಾರ್ ದಾಟಿದರು, ಕೋಳಿಯ ಹತ್ತಿರ ಸ್ವಲ್ಪ ನಗಿಸಿದರು. ಬೆಳಕು ಕಡಿಮೆಯಾಗುವ ಹೊತ್ತಿಗೆ ಬಲಗಡೆಯ ಕೆಳಮೂಲೆಗೆ ಬಂದರು. ಆಗ ಅಧ್ಯಕ್ಷರ ಮಗಳು ಎದ್ದು ನಿಂತಳು.

"ಸಾರ್, ಇವ್ರ ಕೆಳ್ಗೆ ಯಾರೂ ಇಲ್ವಲ್ಲ ಸಾರ್. ಅಳ್ಸಿಬಿಟ್ರೆ ಜಾಗ ಉಳೀತದೆ."

ಆ ಹಿಮಯುಗದ ಜನರ ವಿಷಯ ಕೇಳುತ್ತಿದ್ದಳು. ಭಾವನಿಗೆ ಪ್ರಶ್ನೆ ಕೇಳಿದರೆ ಉತ್ತರ ಅರ್ಧ ಗಂಟೆ ಎಂದು ನನಗೆ ಗೊತ್ತು, ನಾನು ಕಾಲು ಚಾಚಿ ಕೂತೆ. ಅವರು ಆ ಕೊಂಬೆಯ ಮೇಲೆ ಬೆರಳಿಟ್ಟರು.

"ಅಳ್ಸೋ ಹಾಗಿಲ್ಲ ಕಣಮ್ಮ," ಎಂದರು. "ಕೆಳ್ಗೆ ಯಾರೂ ಇಲ್ಲ ಅಂದ್ರೆ ಅವ್ರು ಬದುಕ್ಲೇ ಇಲ್ಲ ಅಂತಲ್ಲ. ಬೆಂಕಿ ಕಾಯಿಸ್ಕೊಂಡ್ರು. ಕಾಲು ಮುರ್ದೋರ್ನ ಕೂರ್ಸಿ ನೋಡ್ಕೊಂಡ್ರು. ಮರ ಅಂದ್ರೆ ಅವ್ರೂ ಸೇರಿನೇ."

ಅಷ್ಟೇ ಹೇಳಿ ಮುಂದಕ್ಕೆ ಹೋದರು. ಅಲ್ಲಿಯವರೆಗೆ ತೊಡೆಯ ಮೇಲಿನ ಹಾರದ ಚೆಂಡುಹೂವನ್ನು ಒಂದೊಂದೇ ಎಸಳು ಕೀಳುತ್ತಿದ್ದ ಅಕ್ಕನ ಕೈ ನಿಂತಿತ್ತು. ಅವಳು ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ.

ಮಾರನೇ ದಿನ ಬೆಳಿಗ್ಗೆ ನಾನು ಹೋದಾಗ ಹಿತ್ತಲಿನ ಒಲೆಯ ಮೇಲೆ ದೊಡ್ಡ ಹಂಡೆ ಕುದಿಯುತ್ತಿತ್ತು, ಸೋಡಾದ ಪೊಟ್ಟಣ ಒಡೆದಿತ್ತು. ತಂತಿಯ ಮೇಲೆ ಮನೆಯ ಅಷ್ಟೂ ದುಪ್ಪಟಿ, ದಿಂಬಿನ ಚೀಲ ಒಣಗುತ್ತಿದ್ದವು. ತಂತಿಯ ಉದ್ದಕ್ಕೂ ಮಾರ್ಕರ್ ಗುರುತು ಹುಡುಕಿದೆ. ಒಳಗೆ ಬಂದರೆ, ಆ ದುಪ್ಪಟಿ ನಡುಮನೆಯ ಗೋಡೆಯ ಮೇಲಿತ್ತು. ಭಾವ ಇನ್ನೂ ಎದ್ದಿರಲಿಲ್ಲ, ಅದರ ಕೆಳಗೇ ಚಾಪೆಯ ಮೇಲೆ ಬಾಯಿ ತೆರೆದುಕೊಂಡು ಮಲಗಿದ್ದರು.

"ಕುದಿಸ್ತೀನಿ ಅಂದಿದ್ದೆ?" ಎಂದೆ.

"ಮೆತ್ತಗೆ ಮಾತಾಡೇ," ಎಂದಳು ಅಕ್ಕ. "ಅದ್ರಲ್ಲಿ ಜನ ಇದಾರಲ್ಲ, ಹೆಂಗೆ ಕುದಿಸ್ಲಿ."

ಇಲಿ ಕಡಿದಿದ್ದ ಅಂಚನ್ನು ಅವಳು ಮಡಿಸಿ ಹೊಲಿದಿದ್ದಳು. ಉದ್ದಕ್ಕೂ ಎರಡು ಬೆರಳು ಅಗಲದ ಮಡಿಕೆ. ಬಲಗಡೆಯ ಮೂಲೆಗೆ ಬರುವಾಗ ಮಾತ್ರ ಅದನ್ನು ದಾರದಷ್ಟು ಕಿರಿದು ಮಾಡಿದ್ದಳು, ಕೆಳಗೆ ಗೆರೆಯಿಲ್ಲದ ಆ ಹೆಸರು ಹೊಲಿಗೆಯೊಳಗೆ ಹೋಗದ ಹಾಗೆ.