ನಿಷೇಧಿತ ವಲಯದಲ್ಲಿ ನನ್ನ ಉಪನ್ಯಾಸ

ನಮ್ಮ ಮನೆತನಕ್ಕೆ ಸಾಗರದಲ್ಲಿ ಬಹುಕಾಲದ ಮರ್ಯಾದೆ ಇದೆ. ಅಜ್ಜ ಶಾಲೆಗೆ ಜಾಗ ಕೊಟ್ಟವರು. ತಂದೆಯವರೆದುರು ಯಾರೂ ದನಿ ಏರಿಸಿದ್ದಿಲ್ಲ. ನಾನು ಕಾನ್ವೆಂಟಿನಲ್ಲಿ ಓದಿ, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದವಳು. ಆದರೂ ಅರೆವಾಹಕಗಳ ಬಗ್ಗೆ ಬಾಯಿ ತೆರೆದಾಗಲೆಲ್ಲ ಜೀವ ಬಾಯಿಗೆ ಬರುವಂಥದ್ದು ಏನಾದರೊಂದು ನಡೆಯುತ್ತದೆ. ಈ ಸಲ ಉಪನ್ಯಾಸಗಳನ್ನು ಏರ್ಪಡಿಸಿದವರು ವಿಜ್ಞಾನ ಸಂಘದ ಕಾರ್ಯದರ್ಶಿ. ಬ್ಯಾನರ್ ಬರೆಸಿದವರೂ ಅವರೇ.

ಹಗುರಾದ ರಾಶಿ

ಸಾಗರದಲ್ಲಿ ನನ್ನ ವಿಷಯ, ಹರಳಿನೊಳಗಿನ ಎಲೆಕ್ಟ್ರಾನಿನ ಪರಿಣಾಮಿ ದ್ರವ್ಯರಾಶಿ, ಅಂದರೆ ನೂಕಿದಾಗ ಅದು ಎಷ್ಟು ಭಾರವೆನ್ನಿಸುತ್ತದೆ ಎಂಬುದು. ಬ್ಯಾನರಿನಲ್ಲಿ ಜಾಗ ಸಾಲದೆ ಕಾರ್ಯದರ್ಶಿಗಳು 'ರಾಶಿ ಹಗುರಾಗುವುದೇಕೆ?' ಎಂದಷ್ಟೇ ಬರೆಸಿದ್ದರು. ನಮ್ಮಲ್ಲಿ ರಾಶಿ ಎಂದರೆ ಅಡಿಕೆಯ ಒಂದು ಬಗೆ. ಮುಂದಿನ ಸಾಲು ಪೂರ್ತಿ ಅಡಿಕೆ ಮಂಡಿಯವರು, ಮುಖ ಬಿಗಿದು ಕೂತಿದ್ದರು.

"ಒಣಗಿಸಿದ್ದು ಹೆಚ್ಚಾತಾ ಅಕ್ಕಾ?" ಎಂದರು ಒಬ್ಬರು.

"ಒಣಗುವುದಲ್ಲ. ಶಕ್ತಿಪಟ್ಟಿಯ ಬಾಗು ಹೆಚ್ಚಿದಷ್ಟೂ ರಾಶಿ ಹಗುರ," ಎಂದೆ.

ಅವರು ಪಕ್ಕದವನತ್ತ ತಿರುಗಿದರು. "ಕೇಳ್ದ್ಯಾ ತಮಾ? ನಾಳೆಯಿಂದ ಚೀಲ ನೆಟ್ಟಗೆ ನಿಲ್ಸು."

ಹಿಂದಕ್ಕೆ ಬಂದ ಬಸ್ಸು

ಮುಂದಿನ ಸಭೆ ತೀರ್ಥಹಳ್ಳಿಯಾಚೆ, ಮಂಡಗದ್ದೆಯಲ್ಲಿ. ರಿಪ್ಪನ್‌ಪೇಟೆ ದಾಟಿದ ಮೇಲೆ ಏರಿನಲ್ಲಿ ಡ್ರೈವರ್ ಆಕ್ಸಿಲರೇಟರ್ ಎಷ್ಟು ಒತ್ತಿದರೂ ಬಸ್ಸು ಹಿಂದಕ್ಕೇ ಜಾರತೊಡಗಿತು. ಕಂಬಿ ಹಿಡಿದು ಕಣ್ಣು ಮುಚ್ಚಿದೆ. ಶಕ್ತಿಪಟ್ಟಿಯ ತುತ್ತತುದಿಯ ಎಲೆಕ್ಟ್ರಾನ್ ಹೀಗೆಯೇ, ಮುಂದಕ್ಕೆ ನೂಕಿದರೆ ಹಿಂದಕ್ಕೆ ಬರುತ್ತದೆ.

"ಋಣಾತ್ಮಕ ದ್ರವ್ಯರಾಶಿ!" ಎಂದು ಕಿರುಚಿಯೇಬಿಟ್ಟೆ.

ಕಂಡಕ್ಟರ್ ಚಕ್ರಕ್ಕೆ ಕೊಡುವ ಕಲ್ಲು ಹುಡುಕಲು ಕೆಳಕ್ಕೆ ಹಾರುತ್ತಾ ಹೇಳಿದ: "ಅದ್ಯಾವ್ದೂ ಅಲ್ಲ ಅಮ್ಮಾ, ಕ್ಲಚ್ ಹೋಗಿರೋದು!"

ಎಲ್ಲಿಗೆ ಹಾರೋದು?

ಎಲೆಕ್ಟ್ರಾನುಗಳು ಇರಬಹುದಾದ ಎರಡು ಶಕ್ತಿಪಟ್ಟಿಗಳ ನಡುವಿನ ಖಾಲಿ ಜಾಗಕ್ಕೆ ನಿಷೇಧಿತ ವಲಯ ಎನ್ನುತ್ತೇವೆ. ಕಾರ್ಯದರ್ಶಿಗಳ ಬ್ಯಾನರ್: 'ಮಂಡಗದ್ದೆಯಲ್ಲಿ ನಿಷೇಧಿತ ವಲಯ'. ಪಕ್ಷಿಧಾಮದ ಊರು, ಅರಣ್ಯ ಇಲಾಖೆಯವರು ಒಕ್ಕಲೆಬ್ಬಿಸುತ್ತಾರೆಂಬ ಭಯ ಊರಿನವರಿಗೆ ಮೊದಲೇ ಇತ್ತು. ಸಭಾಂಗಣ ಕಿಕ್ಕಿರಿದಿತ್ತು, ಯಾರೂ ನಗುತ್ತಿರಲಿಲ್ಲ. ಇದೊಂದೂ ತಿಳಿಯದೆ ನಾನು ಆರಂಭಿಸಿದೆ: "ಈ ವಲಯದಲ್ಲಿ ಯಾರೂ ಇರುವಂತಿಲ್ಲ. ಕೆಳಗಿರಬೇಕು, ಇಲ್ಲವೇ ಶಕ್ತಿ ಪಡೆದು ಮೇಲಕ್ಕೆ ಹಾರಬೇಕು."

ಎಲ್ಲರೂ ಎದ್ದು ನಿಂತರು. ಯಾರೋ ಬಾಗಿಲಿಗೆ ಅಗಳಿ ಹಾಕಿದರು.

"ಅಜ್ಜನ ಕಾಲದಿಂದ ಇದೀವಿ. ಎಲ್ಲಿಗ್ರೀ ಹಾರೋದು?" ಎಂದಳು ಸೊಂಟದಲ್ಲಿ ಕತ್ತಿ ಸಿಕ್ಕಿಸಿಕೊಂಡಿದ್ದ ಹೆಂಗಸು.

"ನೀವಲ್ಲಮ್ಮ, ಎಲೆಕ್ಟ್ರಾನು!"

"ಹಂಗಾದ್ರೆ ಆ ಎಲೆಕ್ಟ್ರಾನ್ ಸಾಹೇಬ್ರನ್ನೇ ಕರ್ಸಿ, ಮಾತಾಡ್ತೀವಿ!"

ಆಗ ಕಾರ್ಯದರ್ಶಿಗಳು ಮೈಕ್ ಹಿಡಿದು ಕೈಮುಗಿದರು: "ಶಾಂತರಾಗ್ರಿ. ಸಾಹೇಬ್ರು ಮೇಡಂಗೆ ತುಂಬಾ ಬೇಕಾದವ್ರು. ನಿಮ್ಮ ಪರವಾಗಿ ಅವರೇ ಹೇಳ್ತಾರೆ."

ಈಗ ನಮ್ಮ ಗೇಟಿನ ಮುಂದೆ ಬೆಳಗಾದರೆ ಎಲೆಕ್ಟ್ರಾನ್ ಸಾಹೇಬರಿಗೆ ಅರ್ಜಿ ಹಿಡಿದ ಜನ. ಕಾರ್ಯದರ್ಶಿಗಳು ಮಂಡಗದ್ದೆಯವರೆದುರು ನಿಂತು, ಅದೇ ಮೈಕಿನಲ್ಲಿ, ನನ್ನ ಕ್ಷಮೆ ಕೇಳಬೇಕು.