ಕಳ್ಳಿ ಬಳಗದ ದೀಪಾವಳಿ ಚೀಟಿ

ಬೆಳಗಾವಿಯಲ್ಲಿ ಇದುವರೆಗೆ ಯಾರೂ ಮಾಡದಂಥ ಧರ್ಮಕಾರ್ಯವೊಂದನ್ನು ಈ ದೀಪಾವಳಿಗೆ ಮಾಡಿಯೇ ತೀರುವುದೆಂದು ಗುರುಪುತ್ರಪ್ಪನವರು ಪಣ ತೊಟ್ಟಾಗ ಅವರ ಮೈಮೇಲೆ ಬನಿಯನ್, ಕೈಯಲ್ಲಿ ಮೊಬೈಲು, ಮುಂದೆ ಆರಿಹೋದ ಚಹಾ ಇದ್ದವು. ಮಹಾಕಾರ್ಯಗಳೆಲ್ಲ ಹುಟ್ಟುವುದು ಹೀಗೆಯೇ ಎಂದು ಅವರ ನಂಬಿಕೆ.

ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಅವರು ಸೂಪರ್‌ವೈಸರು. ಅಲ್ಲಿ ಅವರ ಮಾತಿಗೆ ಕುಲುಮೆ ಕೂಡ ಬಿಸಿಯಾಗುತ್ತಿರಲಿಲ್ಲ. ಆದರೆ ವಾಟ್ಸ್ಯಾಪಿನ ‘ಕುಂದಾನಗರಿ ಕಳ್ಳಿ ಬಳಗ’ದಲ್ಲಿ ಅವರೇ ಚಕ್ರವರ್ತಿ, ಅಂದರೆ ಅಡ್ಮಿನ್. ಕಳ್ಳಿ ಎಂದರೆ ಕ್ಯಾಕ್ಟಸ್ ಗಿಡವೇ ಹೊರತು ಕದಿಯುವವಳಲ್ಲ ಎಂದು ಬಳಗದ ಮೊದಲ ನಿಯಮದಲ್ಲೇ ಬರೆದಿಟ್ಟಿದ್ದರು. ಹಿಂಡಲಗಾದಲ್ಲಿ ಯಾರದೋ ಕುಂಡದಲ್ಲಿ ಒಂದು ಮೊಗ್ಗು ಬಿಟ್ಟರೂ ಮೊದಲ ಅಭಿನಂದನೆ ಇವರದು. ಇತ್ತ ಸ್ವಂತ ಮನೆಯ ಮಾಳಿಗೆಯ ಮೇಲೆ ಹೆಂಡತಿ ಕಾಂತಾ ಅವರಿಗೆ ಒಗೆದ ಬಟ್ಟೆ ಹರವಲು ಜಾಗ ಉಳಿದಿರಲಿಲ್ಲ. ಹರವಿದ ಸೀರೆಗಳ ಸೆರಗಿನ ತುಂಬ ಮುಳ್ಳು.

ಗಂಡ ಹೆಂಡಿರ ನಡುವೆ ಜಗಳವಿರಲಿಲ್ಲ. ಜಗಳವಾಡಲು ಮಾತು ಬೇಕಲ್ಲ! ಮಗಳು ಸಮೃದ್ಧಿ ಧಾರವಾಡದ ಹಾಸ್ಟೆಲ್ಲಿಗೆ ಹೋದಮೇಲೆ ಇಬ್ಬರ ಸಂಭಾಷಣೆ ‘ನಳಾ ಬಂತು’, ‘ಸಿಲಿಂಡರ್ ತೀರೇತಿ’ ಎಂಬಲ್ಲಿಗೆ ಬಂದು ನಿಂತಿತ್ತು. ಹೀಗೇ ಬಿಟ್ಟರೆ ಈ ಸಂಸಾರ ಒಳಗೊಳಗೇ ಮುಗಿದುಹೋಗುತ್ತದೆಂಬ ಭಯ ಗುರುಪುತ್ರಪ್ಪನವರಿಗೆ ಖಂಡಿತ ಇತ್ತು. ಆದರೆ ಹೆಂಡತಿಯ ಎದುರು ಕುಳಿತು ಮಾತಾಡುವುದಕ್ಕಿಂತ ಒಂದು ಸಾರ್ವಜನಿಕ ಸಮಾರಂಭ ಏರ್ಪಡಿಸುವುದು ಅವರಿಗೆ ಸುಲಭವಾಗಿ ಕಂಡಿತು.

ಯೋಜನೆ ಭವ್ಯವಾಗಿತ್ತು. ಖಾನಾಪುರದ ಬಡ ಹುಡುಗಿಯರ ವಸತಿನಿಲಯವೊಂದಕ್ಕೆ ಚಳಿಗೆ ಮುಂಚೆ ಕಂಬಳಿ ಕೊಡಿಸಬೇಕು. ಅದಕ್ಕಾಗಿ ಬಳಗದಲ್ಲಿ ಲಕ್ಕಿ ಡ್ರಾ. ಬಹುಮಾನವಾಗಿ, ಗುರುಪುತ್ರಪ್ಪನವರು ಮಳೆ ಬಂದಾಗಲೆಲ್ಲ ಮನೆಯ ಒಳ್ಳೆಯ ಟಾವೆಲ್ ಹೊದಿಸಿ ಸಾಕಿದ ಹೊಂಬಣ್ಣದ ಉರುಟು ಕಳ್ಳಿ. ಪಾಡವಾ, ಅಂದರೆ ಬಲಿಪಾಡ್ಯಮಿಯ ದಿನ ಕಾಂತಾ ಹೊಸ ಸೀರೆಯುಟ್ಟು, ಎಲ್ಲರ ಎದುರು ಚೀಟಿ ಎತ್ತಬೇಕು. ಆಗ ಆಕೆ ತನ್ನತ್ತ ಅಭಿಮಾನದಿಂದ ನೋಡಬೇಕು. ಇದರಲ್ಲಿ ಕೊನೆಯದೇ ಅವರಿಗೆ ಎಲ್ಲಕ್ಕಿಂತ ಮುಖ್ಯವಾಗಿತ್ತು.

ಖಾನಾಪುರದ ಸದಸ್ಯರಲ್ಲಿ ಬಹಳಷ್ಟು ಮಂದಿ ಮರಾಠಿಯವರು. ಮೊದಲ ಪ್ರಕಟಣೆ ಅವರ ಭಾಷೆಯಲ್ಲೇ ಹೋಗಲಿ, ಕನ್ನಡದ್ದು ನಾಳೆ ಹಾಕಿದರಾಯಿತು ಎಂದು ಗುರುಪುತ್ರಪ್ಪನವರು ತೀರ್ಮಾನಿಸಿದರು. ಕಾಂತಾ ಹುಟ್ಟಿ ಬೆಳೆದದ್ದೇ ಖಾನಾಪುರದಲ್ಲಿ, ಮರಾಠಿ ಆಕೆಗೆ ನೀರು ಕುಡಿದಷ್ಟು ಸಲೀಸು. ಆಕೆ ಬಳಗದಲ್ಲಿ ಇಲ್ಲದಿದ್ದರೂ ಅಡುಗೆಮನೆಗೆ ಹೋಗಿ ಒಂದು ಮಾತು ಕೇಳಬಹುದಿತ್ತು. ಅಡ್ಮಿನ್ ಆದವನು ಕೇಳುವುದುಂಟೆ? ಲಾಟರಿ ಡ್ರಾಕ್ಕೆ ಮರಾಠಿ ಪೇಪರಿನಲ್ಲಿ ‘ಸೋಡತ’ ಅಂತ ಬರೆಯುತ್ತಾರೆ, ಚೀಟಿಗೆ ‘ಚಿಠ್ಠಿ’. ಎರಡನ್ನೂ ಬೆಸುಗೆ ಹಾಕಿದರು, ಫೌಂಡ್ರಿಯವರಲ್ಲವೆ.

‘ಪಾಡವ್ಯಾಲಾ ಸಕಾಳೀ ಆಮಚೀ ಸೋಡಚಿಠ್ಠಿ. ಕಾಂತಾಚ್ಯಾ ಹಾತೂನ. ಸಗಳೇ ಪೈಸೇ ಮುಲೀಂನಾ ಜಾತೀಲ. ಸಹಕುಟುಂಬ ಯಾ, ಆಶೀರ್ವಾದ ದ್ಯಾ.’

ಪಾಡವಾ ಬೆಳಿಗ್ಗೆ ನಮ್ಮ ಚೀಟಿ ಎತ್ತುವ ಕಾರ್ಯಕ್ರಮ, ಕಾಂತಾಳ ಕೈಯಿಂದ. ಹಣವೆಲ್ಲ ಹುಡುಗಿಯರಿಗೆ ಹೋಗುತ್ತದೆ. ಕುಟುಂಬ ಸಮೇತ ಬನ್ನಿ, ಆಶೀರ್ವದಿಸಿ ಎಂದು ಅವರ ಮನಸ್ಸಿನಲ್ಲಿತ್ತು. ಆದರೆ ಮರಾಠಿಯಲ್ಲಿ ಸೋಡಚಿಠ್ಠಿ ಎಂದರೆ ಗಂಡ ಹೆಂಡತಿಯನ್ನು ಬಿಟ್ಟ ಕಾಗದ, ವಿಚ್ಛೇದನ. ‘ಮುಲೀ’ ಎಂದರೆ ಹುಡುಗಿಯರೂ ಹೌದು, ಹೆಣ್ಣುಮಕ್ಕಳೂ ಹೌದು. ಗುರುಪುತ್ರಪ್ಪನವರು ಕಳಿಸುವ ಗುಂಡಿ ಒತ್ತಿ, ಆರಿದ ಚಹಾವನ್ನು ತೃಪ್ತಿಯಿಂದ ಕುಡಿದರು.

ಸದಾ ಗಿಜಿಗುಡುವ ಬಳಗ ಗಪ್‌ಚಿಪ್ ಆಯಿತು. ಹಿಂಡಲಗಾದ ಶಾಂತಮ್ಮ, ಬಳಗದ ಹಿರಿಯ ಜೀವ, ಎರಡು ಕೈ ಮುಗಿದ ಚಿತ್ರವನ್ನಷ್ಟೇ ಕಳಿಸಿದರು. ಮರುದಿನ ಫೌಂಡ್ರಿಗೆ ಖಾನಾಪುರದ ಹೆಂಚಿನ ವ್ಯಾಪಾರಿ ಬಾಪುಸಾಹೇಬರ ಫೋನು ಬಂತು. ಅವರೂ ಬಳಗದವರೇ.

“ಸಾಹೇಬರ, ನಾ ಹೇಳೂದು ತಪ್ಪಾದ್ರ ಹೊಟ್ಟ್ಯಾಗ ಹಾಕ್ಕೋರಿ. ಇನ್ನೊಮ್ಮೆ ವಿಚಾರ ಮಾಡ್ರಿ.”

“ವಿಚಾರ ಮಾಡೇ ಹಾಕೀನ್ರಿ. ಹಿಂದ ಸರಿಯೂ ಮಾತ ಇಲ್ಲ.”

“ಕಾಂತಾ ವೈನ್ಯಾರು ಒಪ್ಯಾರೇನ್ರಿ?”

“ಆಕೀಗೇನ್ ಕೇಳೂದರಿ? ಆಕಿ ಕೈಲೇನ ಮಾಡಸೂದು. ಹೊಸಾ ಸೀರಿ ತರಾಕ ಹೇಳ್ತೀನಿ.”

“ಅದನ್ನ ಮಂದಿ ಮುಂದ ಮಾಡಬೇಕೇನ್ರಿ?”

“ಮಂದಿ ಮುಂದನ ಆಗಬೇಕ್ರಿ. ಒಳಗಿಂದೊಳಗ ಮಾಡಿದ್ರ ನಾಳೆ ಸಂಶೇ ಬರ್ತೈತಿ. ವಿಡಿಯೋ ಮಾಡಸ್ತೀನಿ. ಚಲೋ ಆತಂದ್ರ ಪ್ರತಿ ವರ್ಷಾ ದೀಪಾವಳಿಗೆ ಮಾಡೂಣು.”

“ಪ್ರತಿ ವರ್ಷಾ?” ಎಂದವರೇ ಬಾಪುಸಾಹೇಬರು ಫೋನು ಕಟ್ ಮಾಡಿದರು. ಸಮಾಜಸೇವೆ ಎಂದರೆ ಜನ ಹೀಗೇ ಜಾರಿಕೊಳ್ಳುತ್ತಾರೆ ಎಂದುಕೊಂಡು ಗುರುಪುತ್ರಪ್ಪನವರು ಫೋನು ಕೆಳಗಿಟ್ಟರು.

ಸಂಜೆ ಮನೆಗೆ ಬಂದರೆ ಬಾಗಿಲ ಮುಂದೆ ಒಂದು ಟೆಂಪೋ. ಒಳಗೆ ಖಾನಾಪುರದಿಂದ ಬಂದ ಹೆಂಡತಿಯ ತಮ್ಮ ಮೈಲಾರಲಿಂಗ ಕುರ್ಚಿಯ ತುದಿಯಲ್ಲಿ ಕುಳಿತಿದ್ದ. ಗೋಡೆಯ ಪಕ್ಕ ಎರಡು ಬ್ಯಾಗು, ಒಂದು ಟ್ರಂಕು.

“ಓಹೋ, ಬರ್ರಿ ಮೈಲಾರಲಿಂಗ. ಹಬ್ಬಕ್ಕ ಭಾಳ ಲಗೂ ಬಂದ್ರಲ್ಲ.”

“ಹಬ್ಬಾ ನೀವ ಮಾಡಾಕತ್ತೀರಲ್ಲ ಮಾಮಾರ. ಬಾಪುಸಾಹೇಬರು ಮುಂಜೇಲೆ ಮನಿಗೆ ಬಂದು ಮೊಬೈಲ್ ತೋರಿಸಿದ್ರು. ಅಕ್ಕನ ಸಾಮಾನು ಒಯ್ಯಾಕ ಗಾಡಿ ತಂದೀನಿ. ಒಂದ ಕೇಳ್ತೀನಿ, ಖರೇ ಹೇಳ್ರಿ. ನಿಮಗ ಮಗಳು ಒಬ್ಬಾಕಿ. ‘ಮುಲೀಂನಾ’ ಅಂತ ಬರದೀರಿ. ಉಳದಾವ್ರು ಯಾರು? ಆ ಮನಿ ಎಲ್ಲೈತಿ?”

“ಯಾವ ಮನಿ? ಖಾನಾಪುರದಾಗ ಐತಲ್ಲ. ನಲವತ್ತ್ ಮಂದಿ ಹುಡುಗ್ಯಾರು ಅದಾರ. ಪಾಪ, ಹೊಚ್ಚಿಕೊಳ್ಳಾಕ ಇಲ್ಲ.”

ಮೈಲಾರಲಿಂಗ ಎದ್ದು ನಿಂತ. ಅವನ ಮುಷ್ಟಿ ಬಿಗಿದಿದ್ದು ಕಂಡು ಗುರುಪುತ್ರಪ್ಪನವರು ಸೋಫಾದ ಹಿಂದಕ್ಕೆ ಸರಿದರು. ಮೊಟ್ಟಮೊದಲ ಬಾರಿಗೆ, ಸಮಾರಂಭದಲ್ಲಿ ಏನೋ ಐಬಾಗಿದೆ ಎಂಬ ಸಂಶಯ ಅವರನ್ನು ಮುಟ್ಟಿತು. ಅಲ್ಲಿಂದಲೇ ಕಂಬಳಿ, ಡ್ರಾ, ಉರುಟು ಕಳ್ಳಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿದರು.

ಅಷ್ಟು ಹೊತ್ತೂ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಕಾಂತಾ ಆಗ ಮಾತಾಡಿದರು.

“ಡ್ರಾಕ್ಕ ಸೋಡತ ಅಂತಾರ್ರಿ. ನೀವು ಬರದದ್ದು ಹೆಂಡ್ತೀನ ಬಿಡೂ ಕಾಗದ.”

ಮೈಲಾರಲಿಂಗನಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಟ್ರಂಕಿನ ಮೇಲೆಯೇ ಕುಳಿತುಬಿಟ್ಟ. ಗುರುಪುತ್ರಪ್ಪನವರು ತಿದ್ದುಪಡಿ ಬರೆದರು, ಈ ಸಲ ಕನ್ನಡದಲ್ಲಿ. ಬಳಗದಲ್ಲಿ ನಗುವ ಮುಖಗಳ ಮಳೆಯೇ ಸುರಿಯಿತು. ಬ್ಯಾಗಿನಿಂದ ಸೀರೆಗಳನ್ನು ತೆಗೆದು ಮತ್ತೆ ಕಪಾಟಿನಲ್ಲಿಡುವಾಗ ಕಾಂತಾ ನಗಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ.

ಪಾಡವಾ ದಿನ ಮಾಳಿಗೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಡ್ರಾ ಎಂದಿದ್ದರೆ ಇಷ್ಟು ಜನ ಬರುತ್ತಿರಲಿಲ್ಲ, ಡೈವೋರ್ಸ್ ಎಂದದ್ದಕ್ಕೆ ಊರೇ ಬಂದಿತ್ತು. ಕಂಬಳಿಯ ಜೊತೆ ಸ್ವೆಟರಿಗೂ ಆಗುವಷ್ಟು ಹಣ ಕೂಡಿತು. ಕಾಂತಾ ಚೀಟಿ ಎತ್ತಿದರು, ಉರುಟು ಕಳ್ಳಿ ಶಾಂತಮ್ಮನ ಪಾಲಾಯಿತು. ಶಾಂತಮ್ಮನ ಒತ್ತಾಯಕ್ಕೆ ಕಾಂತಾ ಎಲ್ಲರ ಎದುರು ಗಂಡನಿಗೆ ಪಾಡವಾ ಆರತಿಯನ್ನೂ ಮಾಡಿದರು. ಜನ ಚಪ್ಪಾಳೆ ತಟ್ಟಿದರು. ಗುರುಪುತ್ರಪ್ಪನವರ ಎದೆ ಉಬ್ಬಿತು. ಸಂಸಾರ ರಿಪೇರಿಯಾಯಿತು ಎಂದೇ ಅವರು ತಿಳಿದರು.

ಪರೀಕ್ಷೆಯೆಂದು ಸಮೃದ್ಧಿ ಹಬ್ಬಕ್ಕೆ ಬಂದಿರಲಿಲ್ಲ, ಮಧ್ಯಾಹ್ನ ಎಲ್ಲರೂ ಹೋದಮೇಲೆ ಗಂಡ ಹೆಂಡಿರಿಬ್ಬರೇ ಉಳಿದರು. ಕಾಂತಾ ಜಮಖಾನೆ ಮಡಚುತ್ತಿದ್ದರು.

“ಅಲ್ಲ ಕಾಂತಾ,” ಗುರುಪುತ್ರಪ್ಪನವರು ತಮಾಷೆಯ ದನಿಯಲ್ಲಿ ಕೇಳಿದರು, “ಇಷ್ಟ ವರ್ಷ ಕೂಡಿ ಬಾಳುವೆ ಮಾಡೀವಿ. ಇಂಥಾ ಮಾತನ್ನ ಹೆಂಗ ನಂಬಿದಿ? ನನಗೊಂದ್ ಫೋನ್ ಹಚ್ಚಿ ಕೇಳಬಾರದೇನು?”

“ತಮ್ಮ ಹೇಳಿದಾಗ ನಾನೂ ನಂಬಲಿಲ್ರಿ. ಹುಚ್ಚದಿಯೇನೋ ಅಂತ ಅವಗ ಬೈದೆ.”

“ಮತ್ತ?”

“ಮತ್ತ ಏನ್ರಿ. ‘ಬಳಗದಾಗ ಎಲ್ಲಾರಿಗೂ ಹೇಳ್ಯಾರ’ ಅಂದ. ನನಗೊಬ್ಬಾಕಿಗೆ ಹೇಳಿರಲಿಲ್ಲ. ಆವಾಗ ಖರೇ ಇರಬೇಕು ಅನಿಸ್ತು. ಬ್ಯಾಗ ತುಂಬಾಕ ಕುಂತೆ. ಅಳು ಬರ್ತೈತಿ ಅಂತ ಕಾದೆ, ಬರಲಿಲ್ಲ.” ಕಾಂತಾ ಜಮಖಾನೆಯ ಒಂದು ಅಂಚನ್ನು ಅವರ ಕಡೆ ಚಾಚಿದರು. “ಆ ತುದಿ ಹಿಡೀರಿ.”

ಗುರುಪುತ್ರಪ್ಪನವರು ಕೈಯಲ್ಲಿದ್ದ ಮೊಬೈಲನ್ನು ಕಿಸೆಗೆ ಹಾಕಿದರು. ಹೇಳಿದ ತುದಿಯನ್ನು ಹಿಡಿದುಕೊಂಡು ನಿಂತರು.