ಅಕ್ಕನ ಕಂಟ್ರೋಲರ್

ಜಂಬ ಕೊಚ್ಚಿಕೊಳ್ಳಲು ಮನುಷ್ಯನಿಗೆ ಒಂದಾದರೂ ವಿಷಯ ಬೇಕು. ನನಗಿರುವುದು ಒಂದೇ: ಚಿಕ್ಕಂದಿನಲ್ಲಿ ವಿಡಿಯೋ ಗೇಮಿನಲ್ಲಿ ನಮ್ಮ ಸರೋಜಕ್ಕನನ್ನು ಒಂದು ಸಲವೂ ಗೆಲ್ಲಲು ಬಿಟ್ಟವನಲ್ಲ. ಓದಿನಲ್ಲಿ, ಓಟದಲ್ಲಿ, ಮಧುಗಿರಿ ಬೆಟ್ಟ ಹತ್ತುವುದರಲ್ಲಿ ಎಲ್ಲ ಅವಳೇ ಮುಂದು. ಟೀವಿ ಮುಂದೆ ಕೂತರೆ ಮಾತ್ರ ನಾನು ಮಹಾರಾಜ. ಒಂದು ದಿನ ಅವಳು, "ನನ್ ಕೈಯೇ ಮಂದ ಕಣ್ಲಾ, ನೀನೇ ಆಡ್ಕೋ" ಎಂದು ಕಣ್ಣೊರೆಸಿಕೊಂಡು ಎದ್ದವಳು ಮತ್ತೆ ಆ ಕಡೆ ತಿರುಗಲಿಲ್ಲ. ಈ ಕಥೆಯನ್ನು ಅವಳ ಮದುವೆಯಲ್ಲಿ ಪಾವಗಡದ ಬೀಗರಿಗೂ ಹೇಳಿ ನಗಿಸಿದ್ದೆ.

ಈಚೆಗೆ ಊರಿನ ಕಂಪ್ಯೂಟರ್ ಟ್ಯೂಷನ್ ಸೆಂಟರೊಂದು ಬಾಗಿಲು ಮುಚ್ಚಿದಾಗ, ಅಲ್ಲಿದ್ದ ಮುದಿ ಕಂಪ್ಯೂಟರೊಂದು ನನ್ನ ಪಾಲಿಗೆ ಬಂತು. ಟೀವಿಗೆ ಸಿಕ್ಕಿಸುವಂಥದ್ದು, ಕೀಬೋರ್ಡೇ ಅದರ ಇಡೀ ಮೈ. ಒಳಗೆ ಇಬ್ಬರಾಡುವ ಓಟದ ಆಟವೂ ಇತ್ತು. ಅಟ್ಟದಿಂದ ನಮ್ಮ ಹಳೆಯ ವಿಡಿಯೋ ಗೇಮಿನ ಕಂಟ್ರೋಲರುಗಳನ್ನು ಇಳಿಸಿದೆ. ಒಂದು ನನ್ನದು, ಒಂದು ಅಕ್ಕನದು, ಅದಲುಬದಲು ಆಗದಂತೆ ನಾನೇ ಹೆಸರು ಕೊರೆದಿದ್ದೆ. ಪಿನ್ನು ಸರಿಯಾಗಿ ಕೂತಿತು, ಆದರೆ ಬಟನ್ ಒತ್ತಿದರೆ ಕೇಳುವವರೇ ಇಲ್ಲ. ವಿಚಾರಿಸಿದರೆ, ಕಂಟ್ರೋಲರಿನ ಚಿಪ್ಪಿನ ಭಾಷೆ ಈ ಮುದುಕನಿಗೆ ತಿಳಿಯದಂತೆ; ಆ ಚಿಪ್ ಕಿತ್ತು, ಒಂದೊಂದು ಬಟನ್ನಿನಿಂದಲೂ ನೇರವಾಗಿ ತಂತಿ ಎಳೆಯಬೇಕಂತೆ. "ಭಾನುವಾರ ಬಂದ್ಬುಡಕ್ಕ, ಇನ್ನೊಂದ್ ಕೈ ನೋಡೇಬುಡಾನ" ಎಂದು ಫೋನಿನಲ್ಲಿ ಸವಾಲು ಹಾಕಿ, ಬೆಸುಗೆ ಹಾಕಲು ಕೂತೆ. ಮೊದಲು ಸುಟ್ಟಿದ್ದು ನನ್ನ ಹೆಬ್ಬೆರಳು.

ನನ್ನ ಕಂಟ್ರೋಲರಿನ ಒಳಗೆ ಎಲ್ಲ ಥಳಥಳ. ಅಕ್ಕನದನ್ನು ಬಿಚ್ಚಿದರೆ, ಅಯ್ಯೋ ಶಿವನೇ, ಓಡಿಸುವ ಬಟನ್ನಿನ ಕೆಳಗೆ ಹೆಪ್ಪುಗಟ್ಟಿದ ಕುಂಕುಮ! ಆಯುಧಪೂಜೆಯ ದಿನ ಮನೆಯ ಯಂತ್ರಗಳಿಗೆಲ್ಲ ಕುಂಕುಮ ಹಚ್ಚುವ ಕೆಲಸ ನನ್ನದಾಗಿತ್ತು. ಕೊಳೆಯಾದೀತೆಂದು ನನ್ನದಕ್ಕೆ ಸಾಸಿವೆ ಕಾಳಷ್ಟು ಬೊಟ್ಟು. ಮಿಕ್ಕಿದ್ದನ್ನೆಲ್ಲ ಭಕ್ತಿಯಿಂದ ಅವಳದಕ್ಕೆ ಸುರಿಯುತ್ತಿದ್ದೆ. ಹತ್ತು ಸಲ ಒತ್ತಿದರೆ ಆ ಬಟನ್ ನಾಲ್ಕು ಸಲ ಕೆಲಸ ಮಾಡಿದ್ದರೆ ಹೆಚ್ಚು. ಪಾಪ, ಅವಳು ಬೈದುಕೊಂಡದ್ದು ತನ್ನ ಕೈಯನ್ನು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಹಾಗೇ ಮುಚ್ಚಿಬಿಡೋಣ ಎನ್ನಿಸಿದ್ದೂ ಸುಳ್ಳಲ್ಲ. ಅರ್ಧ ಗಂಟೆ ಯೋಚಿಸಿ, ಉಜ್ಜಿ ಒರೆಸಿ, ಹೊಸ ತಂತಿ ಹಾಕಿದೆ.

ಭಾನುವಾರ ಮಂಡಿ ಹಿಡಿದುಕೊಂಡು ಬಸ್ಸಿಳಿದು ಬಂದ ಅಕ್ಕ, ಕಾಫಿ ಕುಡಿದು, ಒಂದೇ ಸಮನೆ ಐದು ಆಟ ಗೆದ್ದಳು. "ಇದೇನ್ಲಾ, ನನ್ ಕೈ ಇಂಗೂ ಓಡ್ತದಾ!" ಎಂದು ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಈಗಲಾದರೂ ಹೇಳಿಬಿಡಬೇಕೆಂದು ಬಾಯಿ ತೆರೆದೆ. ನನ್ನ ಪೆಚ್ಚು ಮೋರೆ ನೋಡಿ ಅವಳಿಗೇ ಕನಿಕರ ಬಂದುಬಿಟ್ಟಿತು.

"ಬೇಜಾರ್ ಮಾಡ್ಕೋಬ್ಯಾಡ ಕಣ್ಲಾ. ನಿನ್ ಬಟನ್ನೇ ಕೆಟ್ಟೋಗಿರ್ಬೇಕು."

"ಹೂಂ ಕಣಕ್ಕ," ಎಂದೆ, "ಅದೇ ಇರ್ಬೇಕು."